ದಪ್ಪ ಕನ್ನಡಕದ ಹಿಂದೆ: ಕಣ್ಣಿನ ನರದ ಫೋಟೋ ಏಕೆ ತೆಗೆಸಬೇಕು?

(ಟಿ. ದಾಸರಹಳ್ಳಿಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಸಿಸ್ಟರ್ ಮಾಡಿದ ಭಾಷಣದ ಬರಹರೂಪ)



ಶಿಫ್ಟ್ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರು ಇದ್ದೀರಿ. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದವರೂ ಇದ್ದೀರಿ. ಉಳಿತಾಯ, ಸಾಲದ ಕಂತು, ಬ್ಯಾಂಕಿನ ವಿಷಯ ಎಲ್ಲ ಮಾತಾಡಿ ಆಯಿತು. ಇನ್ನು ಅರ್ಧ ಗಂಟೆ ಕಣ್ಣಿನ ಬಗ್ಗೆ ಮಾತಾಡೋಣ.

ಇಲ್ಲಿ ಕನ್ನಡಕ ಹಾಕುವವರು ಎಷ್ಟು ಜನ? ಕೈ ಎತ್ತಿ. ಸರಿ. ಅದರಲ್ಲಿ ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸಲು, ಅಕ್ಕಿ ಆರಿಸಲು ಹಾಕಿಕೊಂಡವರು ಕೈ ಇಳಿಸಿ. ಅದು ಪ್ಲಸ್ ಪವರ್, ವಯಸ್ಸಿಗೆ ಬರುವುದು. ಈಗ ಉಳಿದವರು ಏಳೆಂಟು ಜನ. ನೀವು ಶಾಲೆಗೆ ಹೋಗುವಾಗಲೇ ಬೋರ್ಡು ಕಾಣದೆ ಕನ್ನಡಕ ಹಾಕಿದವರು, ಅಲ್ವಾ? ಮೈನಸ್ ಪವರ್. ಇದನ್ನೇ ಸಮೀಪದೃಷ್ಟಿ ಅಂತಾರೆ. ಅದರಲ್ಲೂ ಮೈನಸ್ 6 ಅಥವಾ ಅದಕ್ಕಿಂತ ಹೆಚ್ಚು ಇರುವವರು, ಶಾಲೆಯಲ್ಲಿ 'ಸೋಡಾಬುಡ್ಡಿ' ಅಂತ ಕರೆಸಿಕೊಂಡವರು, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ಉಳಿದವರೂ ಕೇಳಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಅಂಥ ಮಗಳೋ, ನಾದಿನಿಯೋ ಇದ್ದೇ ಇರುತ್ತಾರೆ.

ನಾನು ಡಾಕ್ಟರ್ ಅಲ್ಲ, ಸಮಾಜಕಾರ್ಯ ಓದಿದವಳು. ಈ ವಿಷಯ ನಾನು ಕಲಿತದ್ದು ಒಂದು ತಪ್ಪಿನಿಂದ. ಆ ತಪ್ಪು ನನ್ನದೇ. ಅದನ್ನೇ ಮೊದಲು ಹೇಳುತ್ತೇನೆ.

ಕನ್ನಡಕ ಕೊಟ್ಟೆವು, ಕಣ್ಣು ನೋಡಲಿಲ್ಲ

ಬಹಳ ವರ್ಷಗಳ ಹಿಂದೆ ನಾವು ಒಂದು ನೇತ್ರ ತಪಾಸಣಾ ಶಿಬಿರ ಮಾಡಿದೆವು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುವ ಒಬ್ಬ ತಂಗಿ ಬಂದಿದ್ದರು. ಹೆಸರು ಬೇಡ, ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಎರಡೂ ಕಣ್ಣಿಗೆ ಮೈನಸ್ 11ರ ಆಸುಪಾಸು ಪವರ್. ಹೊಸ ಕನ್ನಡಕ ಕೊಟ್ಟೆವು. ಅಕ್ಷರ ಚೆನ್ನಾಗಿ ಕಾಣಿಸಿತು. ಅವರೂ ಸಂತೋಷಪಟ್ಟರು, ನಾವೂ ಸಂತೋಷಪಟ್ಟೆವು. ಎಷ್ಟು ಕನ್ನಡಕ ಹಂಚಿದೆವು ಅಂತ ನಾನು ವರದಿ ಬರೆದು ಕಳಿಸಿದೆ. ಆದರೆ ಆ ಕಣ್ಣಿನ ಒಳಗೆ ಯಾರೂ ನೋಡಲಿಲ್ಲ. ನೋಡಬೇಕು ಅಂತ ನನಗೂ ಗೊತ್ತಿರಲಿಲ್ಲ.

ಆರೇಳು ವರ್ಷ ಆದ ಮೇಲೆ ಅವರು ಬಸ್ಸಿನ ಮೆಟ್ಟಿಲು ಇಳಿಯುವಾಗ ಎಡವಲು ಶುರುಮಾಡಿದರು. ಚೆಕಿಂಗ್‌ನಲ್ಲಿ ಬಟ್ಟೆಯ ಕೆಳತುದಿಯ ತಪ್ಪು ಕಣ್ಣಿಗೆ ಬೀಳದೆ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡರು. ಕನ್ನಡಕದ ಅಂಗಡಿಗೆ ಹೋದರೆ ಪವರ್ ಸ್ವಲ್ಪ ಹೆಚ್ಚು ಮಾಡಿ ಕೊಟ್ಟರು. ಕೊನೆಗೆ ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಕಣ್ಣಿನ ನರದ ಸುತ್ತಲಿನ ಫೋಟೋ, ಸ್ಕ್ಯಾನ್ ಎಲ್ಲ ತೆಗೆದರು. ಡಾಕ್ಟರಮ್ಮ ಚಿತ್ರ ನೋಡಿ ಕೇಳಿದ ಮೊದಲ ಪ್ರಶ್ನೆ ಇದು: "ಇವರದ್ದು ಹಳೇ ಫೋಟೋ ಇದೆಯಾ?"

ಇರಲಿಲ್ಲ. ನರ ಓರೆಯಾಗಿದೆ, ಸುತ್ತ ತೆಳ್ಳಗಾಗಿದೆ. ಆದರೆ ಇದು ಮೊದಲಿಂದಲೇ ಹೀಗಿದೆಯೋ, ಈಚೆಗೆ ಹಾಳಾಗುತ್ತಾ ಬಂದಿದೆಯೋ? ಒಂದೇ ಚಿತ್ರ ನೋಡಿ ಹೇಳಲು ಅವರಿಗೂ ಆಗಲಿಲ್ಲ. ಆರು ತಿಂಗಳಿಗೊಮ್ಮೆ ಬನ್ನಿ, ಹೋಲಿಸಿ ನೋಡೋಣ ಅಂದರು. ಮೂರನೇ ಸಲಕ್ಕೆ ಗೊತ್ತಾಯಿತು, ನರ ಸವೆಯುತ್ತಿದೆ, ಗ್ಲಾಕೋಮಾ ಇದೆ ಅಂತ. ಔಷಧದ ಹನಿ ಶುರುವಾಯಿತು. ಈಗ ಹೆಚ್ಚು ಹಾಳಾಗದೆ ನಿಂತಿದೆ. ಆದರೆ ಹೋದ ದೃಷ್ಟಿ ಬರಲಿಲ್ಲ. ಚೆಕಿಂಗ್ ಬಿಟ್ಟು ಪ್ಯಾಕಿಂಗ್‌ಗೆ ಹಾಕಿದರು, ಸಂಬಳವೂ ಕಡಿಮೆಯಾಯಿತು.

ನಮ್ಮ ಶಿಬಿರದ ದಿನವೇ ಆ ತಂಗಿಯನ್ನು ಒಂದು ಫೋಟೋ ತೆಗೆಸಲು ಕಳಿಸಿದ್ದರೆ, ಹೋಲಿಸಲು ಏನಾದರೂ ಇರುತ್ತಿತ್ತು. ಈ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಉದ್ದ ಬೆಳೆದ ಕಣ್ಣು

ಮೈನಸ್ ಪವರ್ ಅಂದರೆ ಏನು? ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿದೆ ಅಂತ ಅರ್ಥ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು 2.5ರಿಂದ 3 ಪವರ್ ಮೈನಸ್ ಬರುತ್ತದೆ. ಪವರ್ ತುಂಬಾ ಹೆಚ್ಚಿರುವವರ ಕಣ್ಣು 26 ಮಿಲಿಮೀಟರ್ ದಾಟಿರುತ್ತದೆ. ಕೆಲವರದ್ದು 30 ಕೂಡ ಮುಟ್ಟುತ್ತದೆ. ಉದ್ದ ಬೆಳೆದದ್ದರಿಂದ ಬೆಳಕು ಪರದೆಯ ಮೇಲೆ ಬೀಳದೆ ಮುಂದೆಯೇ ಕೂಡುತ್ತದೆ, ದೂರದ್ದು ಮಸುಕಾಗುತ್ತದೆ. ಕನ್ನಡಕ ಆ ಬೆಳಕನ್ನು ಸರಿಯಾದ ಜಾಗಕ್ಕೆ ತಳ್ಳುತ್ತದೆ. ಅಷ್ಟೇ ಅದರ ಕೆಲಸ. ಉದ್ದ ಬೆಳೆದ ಕಣ್ಣನ್ನು ಅದು ಗಿಡ್ಡ ಮಾಡುವುದಿಲ್ಲ.

ಬಲೂನು ಊದಿದ ಹಾಗೆ ಯೋಚಿಸಿ. ಹೆಚ್ಚು ಊದಿದಷ್ಟೂ ರಬ್ಬರು ತೆಳ್ಳಗಾಗುತ್ತದೆ. ಹಾಗೆಯೇ ಕಣ್ಣಿನ ಹಿಂದಿನ ಗೋಡೆ ಎಳೆದು ತೆಳ್ಳಗಾಗುತ್ತದೆ. ಆ ಗೋಡೆಯಲ್ಲಿ ಒಂದು ರಂಧ್ರ ಇದೆ. ಕಣ್ಣಿನ ನರ ಮೆದುಳಿಗೆ ಹೋಗುವ ಬಾಗಿಲು ಅದು. ಅಗಲ ಸುಮಾರು ಒಂದೂವರೆ ಮಿಲಿಮೀಟರ್, ಒಂದು ಸಾಸಿವೆ ಕಾಳಿನಷ್ಟು. ಅಷ್ಟು ಜಾಗದಲ್ಲಿ ಹೆಚ್ಚುಕಡಿಮೆ 10 ಲಕ್ಷ ನರದ ಎಳೆಗಳು ಹೊರಗೆ ಹೋಗುತ್ತವೆ. ನಾವು ನೋಡುವ ಮಗುವಿನ ಮುಖ, ಸೂಜಿ, ದಾರ, ಬಸ್ಸಿನ ನಂಬರು ಎಲ್ಲ ಈ ಸಾಸಿವೆಯ ಮೂಲಕವೇ ಮೆದುಳಿಗೆ ಹೋಗಬೇಕು.

ಆ ಬಾಗಿಲಿಗೆ ಒಂದು ಜರಡಿ ಇದೆ. ನರದ ಎಳೆಗಳು ಜರಡಿಯ ಸಣ್ಣ ಸಣ್ಣ ತೂತುಗಳಲ್ಲಿ ನುಸುಳಿ ಹೋಗುತ್ತವೆ. ನೀವು ಹೊಲಿಯುವವರು, ನಿಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಟ್ಟೆಯನ್ನು ಎಳೆದರೆ ಮೊದಲು ಎಲ್ಲಿ ಪಿಸಿಯುತ್ತದೆ? ಕಾಜಾ ಇರುವ ಕಡೆ, ಲಾಡಿ ಹೋಗುವ ತೂತಿನ ಸುತ್ತ. ಕಣ್ಣಿನಲ್ಲೂ ಹಾಗೆಯೇ. ಗೋಡೆ ಎಳೆದಾಗ ನರದ ಬಾಗಿಲಿನ ಸುತ್ತಲೇ ಹೆಚ್ಚು ಎಳೆತ ಬೀಳುತ್ತದೆ.

ಫೋಟೋದಲ್ಲಿ ಏನು ಕಾಣಿಸುತ್ತದೆ?

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಉಪಕರಣವನ್ನು ಲೋಕಕ್ಕೆ ತಿಳಿಸಿದರು. ಆಮೇಲೆ ಕ್ಯಾಮೆರಾದಲ್ಲಿ ಒಳಗಿನ ಫೋಟೋ ತೆಗೆಯುವುದು ಬಂತು. ಇದನ್ನು ಫಂಡಸ್ ಫೋಟೋ ಅಂತಾರೆ. ಇದು ಮೇಲಿನಿಂದ ಕಾಣುವ ಚಿತ್ರ. 1991ರಲ್ಲಿ ಅಮೆರಿಕದಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೋಟೊ ಮತ್ತು ಅವರ ಜೊತೆಗಾರರು ಓಸಿಟಿ ಎಂಬ ಸ್ಕ್ಯಾನನ್ನು ಪ್ರಕಟಿಸಿದರು. ಬಸುರಿಯಾಗಿದ್ದಾಗ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿಕೊಂಡಿದ್ದೀರಲ್ಲ? ಅಲ್ಲಿ ಶಬ್ದದ ಅಲೆಗಳಿಂದ ಮಗುವನ್ನು ನೋಡುತ್ತಾರೆ. ಇಲ್ಲಿ ಬೆಳಕಿನಿಂದ ಕಣ್ಣಿನ ಪದರ ಪದರ ನೋಡುತ್ತಾರೆ, ಈರುಳ್ಳಿ ಕೊಯ್ದು ಸುಳಿ ನೋಡಿದ ಹಾಗೆ. ಆದರೆ ಕೊಯ್ಯುವುದೇನೂ ಇಲ್ಲ. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಇಲ್ಲ. ಗಲ್ಲ ಇಟ್ಟು ಒಂದು ಗುರುತನ್ನು ನೋಡುತ್ತಾ ಕೆಲವು ನಿಮಿಷ ಕುಳಿತರೆ ಆಯಿತು. ಕೂದಲೆಳೆಗಿಂತ ಎಷ್ಟೋ ತೆಳ್ಳಗಿನ ಪದರವನ್ನೂ ಅದು ಅಳೆಯುತ್ತದೆ. ಈಚಿನ ಯಂತ್ರಗಳು ಇನ್ನೂ ಆಳಕ್ಕೆ ಹೋಗಿ, ಆ ಜರಡಿಯನ್ನೂ ಹಿಂದಿನ ಗೋಡೆಯನ್ನೂ ತೋರಿಸುತ್ತವೆ.

ಪವರ್ ಹೆಚ್ಚಿರುವ ಕಣ್ಣಿನಲ್ಲಿ ಸಾಮಾನ್ಯವಾಗಿ ಕಾಣುವ ಬದಲಾವಣೆಗಳು ಇವು:

ಒಂದು, ನರದ ಬಾಗಿಲು ದುಂಡಗಿರದೆ ಓರೆಯಾಗಿ, ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಎರಡು, ಅದರ ಪಕ್ಕದಲ್ಲಿ ಬಿದಿಗೆ ಚಂದ್ರನ ಹಾಗೆ ಒಂದು ಬಿಳಿ ಗೆರೆ ಇರುತ್ತದೆ. ಅಲ್ಲಿ ಒಳಗಿನ ಪದರಗಳು ಸರಿದುಹೋಗಿ, ಹಿಂದಿನ ಬಿಳಿ ಗೋಡೆ ಕಾಣುತ್ತದೆ. ಪವರ್ ಏರಿದ ಹಾಗೆ ಆ ಚಂದ್ರ ದೊಡ್ಡದಾಗಬಹುದು, ಕೆಲವರಲ್ಲಿ ನರದ ಸುತ್ತಲೂ ಹಬ್ಬಬಹುದು.

ಮೂರು, ಕೆಲವರಲ್ಲಿ ನರದ ಕೆಳಗಡೆ ಹಳದಿ ಕಿತ್ತಳೆ ಬಣ್ಣದ ಒಂದು ಮಚ್ಚೆ ಇರುತ್ತದೆ. ನೋಡಲು ಅದು ಉಬ್ಬಿದ ಹಾಗೆ ಕಾಣುತ್ತದೆ. ಓಸಿಟಿ ಬಂದ ಮೇಲೆ ಅದರ ಗುಟ್ಟು ತಿಳಿಯಿತು. ಒಳಗೆ ಪದರಗಳ ನಡುವೆ ಒಂದು ಪೊಳ್ಳು ಇರುತ್ತದೆ. ಅಂಥವರಲ್ಲಿ ದೃಷ್ಟಿಯ ಒಂದು ಭಾಗ ಮಂಕಾಗುವುದು ಹೆಚ್ಚು.

ನಾಲ್ಕು, ಜರಡಿ ತೆಳ್ಳಗಾಗುವುದು, ಅಲ್ಲಲ್ಲಿ ಹರಿಯುವುದು. ಹರಿದ ಕಡೆ ಹೋಗುವ ನರದ ಎಳೆಗಳಿಗೆ ಪೆಟ್ಟು ಬೀಳಬಹುದು.

ಐದು, ಕಣ್ಣಿನ ಹಿಂಭಾಗವೇ ಒಂದು ಕಡೆ ಜೋಲುವುದು, ಹಳೇ ಚೀಲದ ತಳ ಜೋತುಬಿದ್ದ ಹಾಗೆ.

ಇದನ್ನೆಲ್ಲ ಕೇಳಿ ಹೆದರಬೇಡಿ. ಓರೆಯಾದ ನರ, ಬಿಳಿ ಚಂದ್ರ ಇರುವ ಎಷ್ಟೋ ಜನ ಕೊನೆವರೆಗೂ ಚೆನ್ನಾಗಿ ನೋಡುತ್ತಾರೆ. ಇದು ಕಣ್ಣಿನ ಗುರುತು, ಕೈಯ ಮೇಲಿನ ಮಚ್ಚೆ ಇದ್ದ ಹಾಗೆ. ಪ್ರಶ್ನೆ ಒಂದೇ: ಈ ಗುರುತು ಇದ್ದ ಹಾಗೇ ಇದೆಯಾ, ಬದಲಾಗುತ್ತಿದೆಯಾ?

ಕೆಂಪು ಬಣ್ಣ ನೋಡಿ ಅಳಬೇಡಿ, ಹಸಿರು ನೋಡಿ ಮಲಗಬೇಡಿ

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ಗಮನ ಕೊಡಿ. ಮೈನಸ್ ಹೆಚ್ಚಿರುವವರಿಗೆ ಗ್ಲಾಕೋಮಾ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಗ್ಲಾಕೋಮಾ ಅಂದರೆ ಕಣ್ಣಿನ ನರ ಮೆಲ್ಲಗೆ ಒಣಗುವುದು. ನೋವು ಇರುವುದಿಲ್ಲ, ಮೊದಲು ಅಂಚಿನ ದೃಷ್ಟಿ ಹೋಗುತ್ತದೆ, ನಮಗೆ ತಿಳಿಯುವ ಹೊತ್ತಿಗೆ ಬಹಳ ಹೋಗಿರುತ್ತದೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21ರೊಳಗೆ ಇರಬೇಕು ಅಂತಾರೆ. ಆದರೆ ಒತ್ತಡ ಅದರೊಳಗೇ ಇದ್ದರೂ ಎಳೆದ ಕಣ್ಣಿನ ನರ ಹಾಳಾಗಬಹುದು. ಆದ್ದರಿಂದ 'ಪ್ರೆಷರ್ ನಾರ್ಮಲ್' ಅಂತ ಬರೆದ ಚೀಟಿ ಒಂದೇ ಸಾಲದು.

ಇನ್ನೊಂದು ಕಡೆ ಯಂತ್ರದ ತೊಂದರೆ. ಓಸಿಟಿ ವರದಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಇರುತ್ತದೆ. ಯಂತ್ರದೊಳಗೆ ಆರೋಗ್ಯವಂತ ಕಣ್ಣುಗಳ ಅಳತೆ ತುಂಬಿಸಿರುತ್ತಾರೆ. ನಿಮ್ಮ ನರದ ಪದರ ಅದಕ್ಕಿಂತ ತೆಳುವಾಗಿದ್ದರೆ ಕೆಂಪು ತೋರಿಸುತ್ತದೆ. ಆದರೆ ಆ ಅಳತೆ ತೆಗೆಯುವಾಗ ಮೈನಸ್ ತುಂಬಾ ಹೆಚ್ಚಿರುವವರನ್ನು ಸಾಮಾನ್ಯವಾಗಿ ಸೇರಿಸಿರುವುದಿಲ್ಲ. ಮೀಡಿಯಂ ಸೈಜಿನ ಪ್ಯಾಟರ್ನ್ ಇಟ್ಟುಕೊಂಡು ಡಬಲ್ ಎಕ್ಸ್‌ಎಲ್ ಬಟ್ಟೆಯನ್ನು ರಿಜೆಕ್ಟ್ ಮಾಡಿದ ಹಾಗೆ! ಬಟ್ಟೆಯಲ್ಲಿ ತಪ್ಪಿಲ್ಲ, ಅಳತೆ ಬೇರೆಯದು. ಉದ್ದ ಕಣ್ಣಿನಲ್ಲಿ ನರದ ಎಳೆಗಳು ದಪ್ಪವಾಗಿ ಸೇರುವ ಜಾಗವೇ ಪಕ್ಕಕ್ಕೆ ಸರಿದಿರುತ್ತದೆ. ಅದಕ್ಕೇ ರೋಗವಿಲ್ಲದವರಿಗೂ ಕೆಂಪು ಬರಬಹುದು.

ನಮ್ಮ ಇನ್ನೊಂದು ಸಂಘದ ಅಕ್ಕ ಒಬ್ಬರು ಆ ಕೆಂಪು ನೋಡಿ, ಕುರುಡಾಗುತ್ತೇನೆ ಅಂತ ಒಂದು ವಾರ ಊಟ ಬಿಟ್ಟಿದ್ದರು. ಆಮೇಲೆ ಡಾಕ್ಟರು ಎರಡು ವರ್ಷ ಹೋಲಿಸಿ ನೋಡಿ, ಏನೂ ಬದಲಾಗಿಲ್ಲ, ಇದು ನಿಮ್ಮ ಕಣ್ಣಿನ ಸ್ವಭಾವ ಅಂದರು. ಮೊದಲ ತಂಗಿಗೆ ರೋಗ ಇತ್ತು, ಈ ಅಕ್ಕನಿಗೆ ಇರಲಿಲ್ಲ. ಇಬ್ಬರ ಮೊದಲ ಚಿತ್ರವೂ ಹೆಚ್ಚುಕಡಿಮೆ ಒಂದೇ ಥರ. ವ್ಯತ್ಯಾಸ ಗೊತ್ತಾದದ್ದು ಹೋಲಿಕೆಯಿಂದ. ಜೊತೆಗೆ ಫೀಲ್ಡ್ ಟೆಸ್ಟ್ ಮಾಡುತ್ತಾರೆ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತುವ ಪರೀಕ್ಷೆ ಅದು. ಚಿತ್ರ, ಫೀಲ್ಡ್ ಟೆಸ್ಟ್, ಒತ್ತಡ ಮೂರನ್ನೂ ಇಟ್ಟುಕೊಂಡು ಡಾಕ್ಟರು ತೀರ್ಮಾನ ಮಾಡುತ್ತಾರೆ.

ಪಾಸ್‌ಬುಕ್ ಇದ್ದ ಹಾಗೆ ಇಟ್ಟುಕೊಳ್ಳಿ

ಸಂಘದ ಲೆಕ್ಕ ಹೇಗೆ ನೋಡುತ್ತೀರಿ? ಇವತ್ತಿನ ಬಾಕಿ ಒಂದೇ ನೋಡಿದರೆ ಹಣ ಕೂಡುತ್ತಿದೆಯೋ ಕರಗುತ್ತಿದೆಯೋ ತಿಳಿಯುತ್ತದೆಯೇ? ಇಲ್ಲ. ಪಾಸ್‌ಬುಕ್ಕಿನ ಹಿಂದಿನ ಪುಟ ತಿರುಗಿಸಬೇಕು. ಕಣ್ಣಿನ ನರಕ್ಕೂ ಪಾಸ್‌ಬುಕ್ ಬೇಕು. ಅದರ ಮೊದಲ ಪುಟವನ್ನು ದೃಷ್ಟಿ ಚೆನ್ನಾಗಿರುವಾಗಲೇ ಬರೆಸಬೇಕು. ಕಣ್ಣು ಕಾಣದೇ ಹೋದ ಮೇಲೆ ಬರೆಸಿದರೆ ಹೋಲಿಸಲು ಏನು ಉಳಿಯುತ್ತದೆ?

ನೀವು ಮಾಡಬೇಕಾದದ್ದು ಇಷ್ಟು. ಮೈನಸ್ 6 ಅಥವಾ ಹೆಚ್ಚು ಇರುವವರು ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, "ನರದ ಫೋಟೋ, ಓಸಿಟಿ ಮಾಡಿಸಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಕನ್ನಡಕದ ಅಂಗಡಿಯಲ್ಲಿ ಪವರ್ ನೋಡುವುದು ಬೇರೆ, ಇದು ಬೇರೆ. ಚಿತ್ರದ ಪ್ರತಿ ಕೇಳಿ ಪಡೆಯಿರಿ, ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಆಧಾರ್, ರೇಷನ್ ಕಾರ್ಡ್ ಇಡುವ ಚೀಲದಲ್ಲೇ ಇಡಿ. ಆಮೇಲೆ ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತ ಕೇಳಿ ಬರೆದುಕೊಳ್ಳಿ. ಆದಷ್ಟು ಒಂದೇ ಆಸ್ಪತ್ರೆಯಲ್ಲಿ ಮುಂದುವರಿಸಿ. ಬೇರೆ ಬೇರೆ ಕಂಪನಿಯ ಯಂತ್ರದ ಅಳತೆ ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ. ಪಾಪೆ ದೊಡ್ಡದಾಗಲು ಹನಿ ಹಾಕಿದರೆ ಕೆಲವು ಗಂಟೆ ಮಸುಕು ಇರುತ್ತದೆ. ಆ ದಿನ ಕೆಲಸಕ್ಕೆ ರಜೆ ಹಾಕಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಸ್ಕೂಟರ್ ಓಡಿಸಬೇಡಿ.

ಎಲ್ಲಿಗೆ ಹೋಗುವುದು? ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಗೆ ಹತ್ತಿರವೇ ಮಿಂಟೋ ಕಣ್ಣಾಸ್ಪತ್ರೆ. 1896ರಲ್ಲಿ ಶುರುವಾದ ಸರ್ಕಾರಿ ಆಸ್ಪತ್ರೆ ಅದು. ಅದೇ ದಾರಿಯಲ್ಲಿ ರಾಜಾಜಿನಗರದಲ್ಲಿ ನಾರಾಯಣ ನೇತ್ರಾಲಯ ಇದೆ, 1982ರಲ್ಲಿ ಡಾ. ಕೆ. ಭುಜಂಗ ಶೆಟ್ಟಿಯವರು ಆರಂಭಿಸಿದ ಸಂಸ್ಥೆ. ಎಲ್ಲಿಗೇ ಹೋದರೂ ಖರ್ಚು ಎಷ್ಟಾಗುತ್ತದೆ, ಯಾವ ಕಾರ್ಡಿಗೆ ರಿಯಾಯಿತಿ ಇದೆ ಅಂತ ಮೊದಲೇ ಕೇಳಿ.

ಫೋಟೋ ತೆಗೆಯಲು ಎಲ್ಲ ಕಡೆ ದೊಡ್ಡ ಡಾಕ್ಟರೇ ಇರಬೇಕು ಅಂತಿಲ್ಲ. ನಮ್ಮ ಬೆಂಗಳೂರಿನದೇ ಫೋರಸ್ ಹೆಲ್ತ್ ಕಂಪನಿ 'ತ್ರಿನೇತ್ರ' ಎಂಬ ಸಣ್ಣ ಫಂಡಸ್ ಕ್ಯಾಮೆರಾ ಮಾಡಿತು. ಅದನ್ನು ಶಿಬಿರಕ್ಕೆ ಹೊತ್ತೊಯ್ಯಬಹುದು, ತರಬೇತಿ ಪಡೆದ ಹುಡುಗ ಹುಡುಗಿಯರೇ ಫೋಟೋ ತೆಗೆಯಬಹುದು. ನಾರಾಯಣ ನೇತ್ರಾಲಯದವರು 2008ರಿಂದ 'ಕಿಡ್‌ರಾಪ್' ಎಂಬ ಕಾರ್ಯಕ್ರಮದಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ಫೋಟೋವನ್ನು ಜಿಲ್ಲೆಗಳಲ್ಲಿ ತೆಗೆದು ಬೆಂಗಳೂರಿನ ಡಾಕ್ಟರಿಗೆ ಕಳಿಸುತ್ತಾ ಬಂದರು. ಎಲ್ಲೋ ಹಳ್ಳಿಯ ಕೂಸಿನ ಕಣ್ಣನ್ನು ಇಲ್ಲಿಂದ ನೋಡಬಹುದಾದರೆ, ನಮ್ಮ ಮುಂದಿನ ಶಿಬಿರದಲ್ಲಿ ಒಂದು ಕ್ಯಾಮೆರಾ ಇರಲೇಬೇಕು. ಆ ಕ್ಯಾಮೆರಾ ಓಸಿಟಿಯ ಬದಲಿಗೆ ಅಲ್ಲ. ಆದರೆ ಯಾರನ್ನು ಮುಂದಕ್ಕೆ ಕಳಿಸಬೇಕು ಅಂತ ಹೇಳುತ್ತದೆ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

"ಸಿಸ್ಟರ್, ನನ್ನ ಮಗಳಿಗೆ ಮದುವೆಗೆ ಮುಂಚೆ ಲೇಸರ್ ಮಾಡಿಸಿ ಕನ್ನಡಕ ತೆಗೆಸಿದೆವು. ಈಗ ಪವರೇ ಇಲ್ಲ. ಅವಳಿಗೂ ಬೇಕಾ?"

ಬೇಕಮ್ಮ, ಖಂಡಿತ ಬೇಕು. ಲೇಸರ್ ಮಾಡುವುದು ಕಣ್ಣಿನ ಮುಂದಿನ ಗಾಜಿನಂಥ ಪದರಕ್ಕೆ. ಹಿಂದೆ ಎಳೆದಿರುವ ಕಣ್ಣು ಹಾಗೇ ಇರುತ್ತದೆ. ಕನ್ನಡಕ ಹೋಯಿತು, ಉದ್ದ ಹೋಗಲಿಲ್ಲ. ಇನ್ನೊಂದು ವಿಷಯ. ಲೇಸರ್ ಆದವರಲ್ಲಿ ಮುಂದಿನ ಪದರ ತೆಳುವಾಗಿರುವುದರಿಂದ ಒತ್ತಡದ ಅಳತೆ ನಿಜಕ್ಕಿಂತ ಕಡಿಮೆ ತೋರಿಸಬಹುದು. ಅದಕ್ಕೆ ಮಗಳು ಯಾವ ಡಾಕ್ಟರ ಹತ್ತಿರ ಹೋದರೂ, ಮೊದಲು ಪವರ್ ಎಷ್ಟಿತ್ತು, ಲೇಸರ್ ಯಾವಾಗ ಆಯಿತು ಅಂತ ಹೇಳಲಿ. ಗಂಡನ ಮನೆಯವರಿಗೆ ಗೊತ್ತಾಗುತ್ತದೆ ಅಂತ ಮುಚ್ಚಿಡುವುದು ಬೇಡ. ಮೈನಸ್ ಪವರ್ ಇದ್ದದ್ದು ತಪ್ಪಲ್ಲ.

"ಕಣ್ಣು ಕೆಂಪಾದಾಗ ಮೆಡಿಕಲ್ ಶಾಪಿನಿಂದ ಹನಿ ತಂದು ಹಾಕ್ತೀವಿ. ಪರವಾಗಿಲ್ವಾ?"

ಹಾಗೆ ಮಾಡಬೇಡಿ. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಚೀಟಿಯಿಲ್ಲದೆ ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟು ಬೀಳಬಹುದು. ಎಳೆದ ಕಣ್ಣಿಗೆ ಅದು ಇನ್ನೂ ಅಪಾಯ.

"ಮಗನಿಗೆ ಪ್ರತಿ ವರ್ಷ ಪವರ್ ಏರ್ತಾ ಇದೆ. ಏನು ಮಾಡಬೇಕು?"

ಬೆಳೆಯುವ ವಯಸ್ಸಿನಲ್ಲಿ ಕಣ್ಣೂ ಬೆಳೆಯುತ್ತದೆ. ತಡೆಯುವುದಾದರೆ ಆಗಲೇ ತಡೆಯಬೇಕು. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ. ತೈವಾನ್ ದೇಶದಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮವನ್ನೇ ಮಾಡಿದರು. ನಮ್ಮ ವಠಾರದ ಒಂದೇ ಕೋಣೆಯ ಮನೆಯಲ್ಲಿ ಮೊಬೈಲ್ ಕೊಟ್ಟು ಕೂರಿಸುವುದು ನಮಗೆ ಸುಲಭ. ಆದರೆ ಟೆರೇಸೋ, ಪಾರ್ಕೋ, ಶಾಲೆಯ ಮೈದಾನವೋ, ಹೊರಗೆ ಬಿಡಿ. ಪವರ್ ಏರುವುದನ್ನು ನಿಧಾನ ಮಾಡುವ ಹನಿಗಳೂ ಇವೆ, ಅದನ್ನು ಡಾಕ್ಟರು ಹೇಳಿದರೆ ಮಾತ್ರ. ಕನ್ನಡಕ ಹಾಕಿದರೆ ಪವರ್ ಏರುತ್ತದೆ ಅಂತ ತೆಗೆದಿಡುವುದು ತಪ್ಪು.

"ತಕ್ಷಣ ಓಡಬೇಕಾದದ್ದು ಯಾವಾಗ?"

ಇದ್ದಕ್ಕಿದ್ದ ಹಾಗೆ ಕಣ್ಣೊಳಗೆ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳ ಮಳೆ ಬಂದ ಹಾಗಾದರೆ, ಒಂದು ಕಡೆ ಪರದೆ ಎಳೆದ ಹಾಗಾದರೆ, ನೇರ ಗೆರೆ ಸೊಟ್ಟ ಕಂಡರೆ, ಅವತ್ತೇ ಹೋಗಿ. ಭಾನುವಾರ, ಹಬ್ಬ ಅಂತ ನೋಡಬೇಡಿ. ಒಳಗಿನ ಪರದೆ ಕಳಚುತ್ತಿರಬಹುದು.

ಕೊನೆಯ ಮಾತು

2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, 2050ರ ಹೊತ್ತಿಗೆ ಪ್ರಪಂಚದ ಅರ್ಧದಷ್ಟು ಜನರಿಗೆ ಮೈನಸ್ ಇರುತ್ತದೆ, ಹತ್ತರಲ್ಲಿ ಒಬ್ಬರಿಗೆ ತೀವ್ರವಾಗಿ ಇರುತ್ತದೆ. ಇದು ನಮ್ಮ ಮಕ್ಕಳ ಕಾಲ. ಹಾಗಾಗಿ ಇದು ಏಳೆಂಟು ಜನರ ವಿಷಯ ಮಾತ್ರ ಅಲ್ಲ.

ನಾನು ಒಂದು ಕೋರಿಕೆ ಇಡುತ್ತೇನೆ. ಪ್ರತಿ ಸಂಘದ ಪ್ರತಿನಿಧಿ ಮುಂದಿನ ವಾರದ ಸಭೆಯಲ್ಲಿ ಒಂದು ಪಟ್ಟಿ ಮಾಡಲಿ. ಸದಸ್ಯರು, ಅವರ ಮನೆಯವರು, ಲೇಸರ್ ಆದವರನ್ನೂ ಸೇರಿಸಿ, ಮೈನಸ್ 6 ದಾಟಿದವರು ಯಾರು? ನರದ ಫೋಟೋ ಆಗಿದೆಯಾ, ಇಲ್ಲವಾ? ಇಲ್ಲದವರಿಗೆ ಒಂದು ದಿನ ಗೊತ್ತು ಮಾಡಿ, ಇಬ್ಬರು ಮೂವರು ಕೂಡಿ ಹೋಗಿ ಬನ್ನಿ. ದುಡ್ಡಿನ ತೊಂದರೆ ಇದ್ದರೆ ಸಂಘದಲ್ಲಿ ಸಣ್ಣ ಸಾಲ ಕೊಡಿ. ಓಲೆಗೆ, ಹಬ್ಬದ ಸೀರೆಗೆ ಸಾಲ ಕೊಟ್ಟಿದ್ದೇವೆ, ಕಣ್ಣಿಗೆ ಕೊಡಬಾರದೇ?

ಮುಂದಿನ ಶಿಬಿರದ ವರದಿಯಲ್ಲಿ ನಾನು ಕನ್ನಡಕದ ಲೆಕ್ಕದ ಜೊತೆ ಇನ್ನೊಂದು ಲೆಕ್ಕ ಬರೆಯುತ್ತೇನೆ: ಎಷ್ಟು ಜನರ ಮೊದಲ ಫೋಟೋ ಆಯಿತು ಅಂತ. ಆ ತಂಗಿ ಇವತ್ತೂ ಈ ಸಭೆಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮನೆಗೆ ಹೋಗುವಾಗ ಮೆಟ್ಟಿಲ ಹತ್ತಿರ ಯಾರಾದರೂ ಅವರ ಕೈ ಹಿಡಿದುಕೊಳ್ಳಿ.